ನಡುದಾರಿಯ ಅಪ್ಪಣೆ

ಜಯನಗರ, ಬನಶಂಕರಿ, ಜೆ.ಪಿ. ನಗರದ ಅಪ್ಪ-ಅಮ್ಮಂದಿರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಯಾವ ದಾರಿ ಹಿಡಿದು ಹೋದರು ಎಂದು ಕೇಳಿದರೆ ಬಹಳ ಜನ ದುಡ್ಡಿನ ಲೆಕ್ಕ ಹೇಳುತ್ತಾರೆ. ಟಿಕೆಟ್ ಎಲ್ಲಿ ಅಗ್ಗವೋ ಅದೇ ದಾರಿ ಅನ್ನುತ್ತಾರೆ. 1982ರಿಂದ ಜಯನಗರ 4ನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸ್ ಹತ್ತಿರದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ಈ ಜನಕ್ಕೆಲ್ಲ ಟಿಕೆಟ್ ಬರೆದುಕೊಟ್ಟವಳು ನಾನು. ದುಡ್ಡಿನ ಮಾತು ಬರುವ ಮೊದಲೇ ದಾರಿ ಅರ್ಧ ತೀರ್ಮಾನ ಆಗಿರುತ್ತಿತ್ತು. ತೀರ್ಮಾನ ಮಾಡುತ್ತಿದ್ದದ್ದು ಒಂದು ಸಣ್ಣ ಕಾನೂನು: ನಡುವೆ ವಿಮಾನ ಬದಲಿಸುವ ಊರಿನಲ್ಲಿ, ಆ ಊರೊಳಗೆ ಕಾಲಿಡದೆ, ನಿಲ್ದಾಣದ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತಿರುವುದಕ್ಕೂ ಆ ದೇಶದ ವೀಸಾ ಬೇಕೋ ಬೇಡವೋ ಎಂಬುದು.

ಈ ಕಾನೂನು ಹಿಂದಿನಿಂದ ಇದ್ದದ್ದಲ್ಲ. ನನ್ನ ಕಣ್ಣೆದುರಿಗೇ ಅದನ್ನು ಒಂದೊಂದೇ ಕಲ್ಲಿಟ್ಟು ಕಟ್ಟಿದರು. ಈಗ ಅದರ ಒಂದು ಗೋಡೆಯನ್ನು ಕೆಡವುವ ಮಾತು ಬಂದಿದೆ. 2026ರ ಜನವರಿ 12ರಂದು ಜರ್ಮನಿಯ ಚಾನ್ಸಲರ್ ಫ್ರೆಡ್ರಿಕ್ ಮೆರ್ತ್ಸ್ ಗುಜರಾತಿನಲ್ಲಿ ನಮ್ಮ ಪ್ರಧಾನಿಯನ್ನು ಕಂಡಾಗ, ಭಾರತದ ಪಾಸ್‌ಪೋರ್ಟ್ ಇರುವವರು ಜರ್ಮನಿಯ ವಿಮಾನ ನಿಲ್ದಾಣಗಳಲ್ಲಿ ವೀಸಾ ಇಲ್ಲದೆ ವಿಮಾನ ಬದಲಿಸಬಹುದು ಎಂದು ಘೋಷಿಸಿದರು. ಮರುದಿನ ಅವರು ಬೆಂಗಳೂರಿಗೆ ಬಂದರು, ಆಡುಗೋಡಿಯ ಬಾಷ್ ಆವರಣಕ್ಕೂ ಹೋದರು. ಪತ್ರಿಕೆಗಳಲ್ಲಿ ಜಲಾಂತರ್ಗಾಮಿ, ಚಿಪ್, ವ್ಯಾಪಾರದ ಸುದ್ದಿಗಳ ನಡುವೆ ಈ ಒಂದು ಸಾಲು ಎಲ್ಲೋ ಕೆಳಗೆ ಬಂದಿತ್ತು. ನಾನಂತೂ ಅದನ್ನು ಎರಡು ಸಲ ಓದಿದೆ. ನನ್ನ ಕೆಲಸದ ಅರ್ಧ ಆಯುಷ್ಯವನ್ನು ತಿಂದ ಕಾನೂನಿನ ಮಾತು ಅದು.

ಆಡುಗೋಡಿಯ ಆ ಆವರಣದಿಂದಲೇ ಶುರು ಮಾಡಬಹುದು. 1951ರಲ್ಲಿ ಮೈಕೋ ಕಂಪನಿ ಹುಟ್ಟಿತು, ಜರ್ಮನಿಯ ಬಾಷ್‌ನ ಸಹಯೋಗದಲ್ಲಿ. ಕಾರ್ಖಾನೆ ಆಡುಗೋಡಿಯಲ್ಲಿ. ಅದರ ಹೆಸರಿನಲ್ಲೇ ಬಿ.ಟಿ.ಎಂ. ಪಕ್ಕಕ್ಕೊಂದು ಮೈಕೋ ಲೇಔಟ್ ಎದ್ದಿತು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿಯಲ್ಲಿದ್ದ ಹಿರಿಯರು ಮೈಕೋದಿಂದ ಜರ್ಮನಿಗೆ ಹೋಗುತ್ತಿದ್ದ ಹಳೆಯ ಕಾಲದ ಪ್ರಯಾಣಿಕರ ಕಥೆ ಹೇಳುತ್ತಿದ್ದರು. ಆಗ ಜರ್ಮನಿಗೆ ಹೊರಟವರಿಗೆ ಕಷ್ಟ ಎಲ್ಲ ಇಲ್ಲೇ, ನಮ್ಮ ದೇಶದಲ್ಲೇ. ಟಿಕೆಟ್ ಕೊಳ್ಳಲು ರಿಸರ್ವ್ ಬ್ಯಾಂಕಿನ ಪಿ ಫಾರಂ ಬೇಕು, ಆದಾಯ ತೆರಿಗೆಯವರ ಕ್ಲಿಯರೆನ್ಸ್ ಬೇಕು, ಜೇಬಿನಲ್ಲಿ ಒಯ್ಯಲು ಸಿಗುತ್ತಿದ್ದದ್ದು ಎಂಟು ಡಾಲರ್. ಪಾಸ್‌ಪೋರ್ಟ್ ಸಿಗುವುದೇ ಸರ್ಕಾರದ ಕೃಪೆ ಎಂಬಂತಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊರದೇಶಕ್ಕೆ ಹೋಗುವುದೂ ಪ್ರಜೆಯ ಹಕ್ಕು ಎಂದ ಮೇಲೆಯೇ ಪಾಸ್‌ಪೋರ್ಟ್ ಕಾಯ್ದೆ ಅಂತ ಒಂದು ಬಂತು. ಇಷ್ಟೆಲ್ಲ ದಾಟಿ ವಿಮಾನ ಹತ್ತಿದರೆ ಆ ಕಡೆಯ ಬಾಗಿಲು ಮಾತ್ರ ತೆರೆದೇ ಇತ್ತು. ಮೂರು ತಿಂಗಳೊಳಗಿನ ಭೇಟಿಗೆ ಪಶ್ಚಿಮ ಜರ್ಮನಿ ನಮ್ಮಿಂದ ವೀಸಾ ಕೇಳುತ್ತಿರಲಿಲ್ಲ. ಬ್ರಿಟನ್ನೂ ಅಷ್ಟೆ, ಕಾಮನ್‌ವೆಲ್ತ್ ದೇಶದವರೆಂದು ಲಂಡನ್ನಿನಲ್ಲಿ ಇಳಿದ ಮೇಲೆ ಅಲ್ಲಿನ ಅಧಿಕಾರಿ ನಾಲ್ಕು ಪ್ರಶ್ನೆ ಕೇಳಿ ಮುದ್ರೆ ಹಾಕುತ್ತಿದ್ದ.

ಹೀಗಾಗಿ ನಡುವೆ ಇಳಿಯುವುದು ಆ ಕಾಲಕ್ಕೆ ಒಂದು ಸಂತೋಷ. ಏರ್ ಇಂಡಿಯಾ 1960ರಲ್ಲೇ ಲಂಡನ್ ಮೇಲೆ ನ್ಯೂಯಾರ್ಕಿಗೆ ಹಾರಲು ಶುರು ಮಾಡಿತ್ತು. ನಮ್ಮವರು ರೈಲು ಹಿಡಿದೋ, ಎಚ್‌.ಎ.ಎಲ್. ನಿಲ್ದಾಣದಿಂದಲೋ ಬಾಂಬೆ ಸೇರಿ, ಅಲ್ಲಿಂದ ಯುರೋಪು. ಮುಂದಿನ ವಿಮಾನ ಮಾರನೆಯ ದಿನ ಅಂತಾದರೆ ಏರ್‌ಲೈನಿನವರೇ ಹೋಟೆಲ್ ಕೊಟ್ಟು, ಊಟದ ಕೂಪನ್ ಕೊಟ್ಟು ಉಳಿಸಿಕೊಳ್ಳುತ್ತಿದ್ದರು. 1980ರ ದಶಕದ ಮೊದಲ ವರ್ಷಗಳಲ್ಲಿ ನಾನೇ ಬರೆದ ಟಿಕೆಟ್ಟುಗಳಲ್ಲಿ ಇಂಥವು ಎಷ್ಟೋ. ವಾಪಸ್ ಬಂದವರು ಅಂಗಡಿಗೆ ಬಂದು ಲಂಡನ್ನಿನ ಹೋಟೆಲಿನ ಸಾಬೂನು, ಬಾಚಣಿಗೆ ತೋರಿಸಿ ಹೋಗುತ್ತಿದ್ದರು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ನಿಯಮಗಳಲ್ಲಿ, 1949ರಲ್ಲೇ ಅಂಗೀಕಾರವಾದ 9ನೇ ಅನುಬಂಧವೊಂದಿದೆ. ಹಾದುಹೋಗುವ ಪ್ರಯಾಣಿಕನಿಗೆ ಆದಷ್ಟೂ ಕಡಿಮೆ ತೊಡಕು ಕೊಡಬೇಕು ಎಂಬುದು ಅದರ ಆಶಯ. ಆ ಆಶಯ ನಿಜವಾಗಿದ್ದ ಕಾಲವನ್ನು ನಾನು ನೋಡಿದ್ದೇನೆ.

ಅದು ಬದಲಾದದ್ದು ನಮ್ಮ ತಪ್ಪಿನಿಂದಲ್ಲ, ನಮ್ಮ ಪಕ್ಕದವರ ದುಃಖದಿಂದ.

1980ರಲ್ಲಿ ಪಶ್ಚಿಮ ಜರ್ಮನಿಗೆ ಆಶ್ರಯ ಕೇಳಿ ಬಂದವರ ಸಂಖ್ಯೆ ಒಂದು ಲಕ್ಷ ದಾಟಿತು. ಆ ವರ್ಷವೇ ಅದು ಅಫ್ಘಾನಿಸ್ತಾನ, ಇಥಿಯೋಪಿಯ, ಶ್ರೀಲಂಕಾ, ಟರ್ಕಿಗಳ ಜೊತೆಗೆ ಭಾರತ, ಬಾಂಗ್ಲಾದೇಶದವರಿಗೂ ವೀಸಾ ಕಡ್ಡಾಯ ಮಾಡಿತು. 1983ರ ಜುಲೈನಲ್ಲಿ ಕೊಲಂಬೊ ಹೊತ್ತಿ ಉರಿದ ಮೇಲೆ ತಮಿಳರು ದೇಶ ಬಿಟ್ಟು ಓಡಿದರು. ಅವರಿಗೆ ಸಿಕ್ಕ ದಾರಿ ವಿಚಿತ್ರವಾದದ್ದು. ಪೂರ್ವ ಜರ್ಮನಿ ತನ್ನ ಷೋನೆಫೆಲ್ಡ್ ನಿಲ್ದಾಣದಲ್ಲಿ ಇಳಿದವರಿಗೆ ಹಾದುಹೋಗುವ ವೀಸಾ ಕೊಡುತ್ತಿತ್ತು. ಅದನ್ನು ಹಿಡಿದು ಲೋಕಲ್ ರೈಲು ಹತ್ತಿದರೆ ಪಶ್ಚಿಮ ಬರ್ಲಿನ್. ಅತ್ತ ಕಡೆಯವರು ಆ ಗಡಿಯನ್ನು ಗಡಿಯೆಂದೇ ಒಪ್ಪದ ಕಾರಣ ಅಲ್ಲಿ ಕಾಗದ ನೋಡುವವರಿರಲಿಲ್ಲ. ಪಶ್ಚಿಮದ ಒತ್ತಾಯ, ಸಾಲದ ಮಾತುಕತೆ ಎಲ್ಲ ನಡೆದು 1985ರಲ್ಲಿ ತಮಿಳರಿಗೆ, 1986ರ ಅಕ್ಟೋಬರಿನಿಂದ ಮಿಕ್ಕವರಿಗೂ ಆ ದಾರಿ ಮುಚ್ಚಿತು: ಮುಂದಿನ ದೇಶದ ವೀಸಾ ತೋರಿಸಿದರೆ ಮಾತ್ರ ಹಾದುಹೋಗಲು ಬಿಡುತ್ತೇವೆ ಎಂದರು. ಅದೇ ತಿಂಗಳು ಬ್ರಿಟನ್ ಕೂಡ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಘಾನಾದವರಿಗೆ ವೀಸಾ ಹೇರಿತು. ಆ ವಾರ ನಮ್ಮ ಕಚೇರಿಯ ಫೋನು ಸುಮ್ಮನಿದ್ದದ್ದು ನೆನಪಿಲ್ಲ. ಲಂಡನ್ನಿನಲ್ಲಿ ತಮ್ಮನ ಮನೆಯಲ್ಲಿ ಎರಡು ದಿನ ಇದ್ದು ಮುಂದಕ್ಕೆ ಹೋಗುತ್ತೇವೆ ಎಂದು ಟಿಕೆಟ್ ಮಾಡಿಸಿದ್ದವರೆಲ್ಲ ಲೈನಿನಲ್ಲಿದ್ದರು.

1987ರ ಫೆಬ್ರವರಿಯಲ್ಲಿ ಹೀಥ್ರೂ ನಿಲ್ದಾಣಕ್ಕೆ ಬಂದಿಳಿದ ಶ್ರೀಲಂಕಾದ ತಮಿಳರನ್ನು ವಾಪಸ್ ವಿಮಾನ ಹತ್ತಿಸಲು ಹೊರಟಾಗ ಅವರು ವಿಮಾನದ ಬುಡದಲ್ಲಿ ಬಟ್ಟೆ ಬಿಚ್ಚಿ ಪ್ರತಿಭಟಿಸಿದರು. ಚಳಿಗಾಲದ ಲಂಡನ್ನಿನಲ್ಲಿ ಒಳಉಡುಪಿನಲ್ಲಿ ನಿಂತ ಆ ಗಂಡಸರ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲೂ ಬಂದಿತ್ತು. ಕೆಲವೇ ವಾರಗಳಲ್ಲಿ ಬ್ರಿಟನ್ ಹೊಸ ಕಾಯ್ದೆ ತಂದಿತು: ಸರಿಯಾದ ಕಾಗದವಿಲ್ಲದ ಪ್ರಯಾಣಿಕನನ್ನು ಕರೆತಂದ ಏರ್‌ಲೈನಿಗೆ ತಲೆಗೆ 1,000 ಪೌಂಡ್ ದಂಡ. 1991ರಲ್ಲಿ ಅದು 2,000 ಆಯಿತು. ಟ್ರಾನ್ಸಿಟ್ ವೀಸಾದ ಇಡೀ ಕಥೆಯ ಕೀಲು ಇಲ್ಲಿದೆ ಅಂತ ನನ್ನ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ ಒಂದು ದೇಶದ ಗಡಿ ಆ ದೇಶದಲ್ಲಿತ್ತು. ದಂಡ ಬಂದ ದಿನದಿಂದ ಗಡಿ ನಮ್ಮೂರಿನ ಚೆಕ್-ಇನ್ ಕೌಂಟರಿಗೆ ಬಂತು. ಇಮಿಗ್ರೇಷನ್ ಕಾನೂನು ಓದದ, ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರು ಪಾಸ್‌ಪೋರ್ಟ್ ತಿರುವಿಹಾಕಿ, ನೀವು ಹೋಗುವ ಹಾಗಿಲ್ಲ ಅನ್ನತೊಡಗಿದರು. ಸಂದೇಹವಿದ್ದರೆ ಬಿಡಬೇಡ ಎಂಬುದೇ ಅವರಿಗೆ ಮೇಲಿನವರ ಅಪ್ಪಣೆ. ದಂಡ ಕಟ್ಟುವುದು ಯಾರು? ನಮ್ಮ ದೇಶವೂ 2000ದಲ್ಲಿ ಇಂಥದೇ ಕಾಯ್ದೆ ಮಾಡಿ ತಲೆಗೆ 1 ಲಕ್ಷ ರೂಪಾಯಿ ದಂಡ ಇಟ್ಟಿತು. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯೊಳಗೆ ಅದೀಗ ಸೇರಿಹೋಗಿದೆ. ಬೇರೆಯವರನ್ನು ದೂರುವಾಗ ಇದನ್ನೂ ಹೇಳಬೇಕು.

ಊರೊಳಗೆ ಬರುವವರಿಗೆ ವೀಸಾ ಇಟ್ಟದ್ದಾಯಿತು. ಇನ್ನು ಉಳಿದದ್ದು ಊರೊಳಗೆ ಬಾರದವರು. ಬ್ರಿಟನ್ 1993ರಲ್ಲಿ ನಿಲ್ದಾಣದೊಳಗೇ ವಿಮಾನ ಬದಲಿಸುವವರಿಗೂ ವೀಸಾ ಬೇಕಾದ ದೇಶಗಳ ಪಟ್ಟಿ ಶುರು ಮಾಡಿತು. ಮುಂದೆ ಭಾರತ ಆ ಪಟ್ಟಿ ಸೇರಿತು, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೀಸಾ ಇದ್ದವರಿಗೆ ವಿನಾಯಿತಿ. ಯುರೋಪಿನ ದೇಶಗಳು 1996ರ ಮಾರ್ಚಿನಲ್ಲಿ ಹತ್ತು ದೇಶಗಳ ಒಂದು ಸಾಮಾನ್ಯ ಪಟ್ಟಿ ಮಾಡಿಕೊಂಡವು. ಶ್ರೀಲಂಕಾ ಅದರಲ್ಲಿತ್ತು, ಭಾರತ ಇರಲಿಲ್ಲ. ಆದರೆ ಯಾವ ದೇಶ ಬೇಕಾದರೂ ತನ್ನ ಲೆಕ್ಕಕ್ಕೆ ಇನ್ನಷ್ಟು ಹೆಸರು ಸೇರಿಸಿಕೊಳ್ಳಬಹುದಿತ್ತು. ಜರ್ಮನಿಯ ಸ್ವಂತ ಪಟ್ಟಿಯಲ್ಲಿ ನಾವಿದ್ದೆವು. ಪಕ್ಕದ ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇಡ, ಫ್ರಾಂಕ್‌ಫರ್ಟಿನಲ್ಲಿ ಬೇಕು.

ಇದನ್ನೆಲ್ಲ ತಿಳಿದುಕೊಳ್ಳಲು ನಮಗಿದ್ದದ್ದು ಟಿಮ್ ಎಂದು ಕರೆಯುತ್ತಿದ್ದ ಪುಸ್ತಕ, ಟ್ರಾವೆಲ್ ಇನ್ಫರ್ಮೇಷನ್ ಮ್ಯಾನ್ಯುಯಲ್. ತಿಂಗಳಿಗೊಂದು ಬರುತ್ತಿತ್ತು. ತೆಳು ಕಾಗದ, ಇರುವೆಯಂಥ ಅಕ್ಷರ, ದೇಶಕ್ಕೊಂದು ಅಧ್ಯಾಯ. ಪಾಸ್‌ಪೋರ್ಟ್, ವೀಸಾ, ಚುಚ್ಚುಮದ್ದು, ಎಷ್ಟು ಸಿಗರೇಟು ಒಯ್ಯಬಹುದು ಎಲ್ಲ ಅದರಲ್ಲೇ. ಅದರಲ್ಲಿ ಟಿ.ಡಬ್ಲ್ಯೂ.ಓ.ವಿ. ಎಂಬ ನಾಲ್ಕು ಅಕ್ಷರ ಕಂಡರೆ ನಮಗೆ ನೆಮ್ಮದಿ: ವೀಸಾ ಇಲ್ಲದೆ ಹಾದುಹೋಗಬಹುದು ಅಂತ. ಅದರ ಕೆಳಗೇ ಇರುವ ವಿನಾಯಿತಿಗಳು, ವಿನಾಯಿತಿಗೆ ಮತ್ತೆ ವಿನಾಯಿತಿಗಳು, ಅವುಗಳನ್ನು ಬೆರಳಿಟ್ಟು ಓದಬೇಕು. ಆಮೇಲೆ ಕಂಪ್ಯೂಟರ್ ಬಂತು, ಟೈಮ್ಯಾಟಿಕ್ ಬಂತು. ಪ್ರಯಾಣಿಕರ ದೇಶ, ಹೊರಡುವ ಊರು, ನಡುವೆ ಇಳಿಯುವ ಊರು, ಮುಟ್ಟುವ ಊರು ಟೈಪ್ ಮಾಡಿದರೆ ಹಸಿರು ಅಕ್ಷರದಲ್ಲಿ ಉತ್ತರ. ಡಾಟ್-ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಆ ಉತ್ತರವನ್ನು ತೆಗೆದು ಟಿಕೆಟ್ಟಿಗೆ ಪಿನ್ ಹೊಡೆದು ಕೊಡುವುದು ನಾನು ಮಾಡಿಕೊಂಡ ಪದ್ಧತಿ. ಹಿಂಬದಿಗೆ ಕೆಂಪು ಕಾರ್ಬನ್ ಬಳಿದ ಆ ಟಿಕೆಟ್ಟಿನ ಪುಸ್ತಕ ಮುಟ್ಟಿದ ಬೆರಳಿಗೆಲ್ಲ ಬಣ್ಣ ಹತ್ತುತ್ತಿತ್ತು. ಕೌಂಟರಿನಲ್ಲಿ ತಡೆದರೆ ಈ ಹಾಳೆ ತೋರಿಸಿ ಸಾರ್, ನಿಮ್ಮದೇ ಕಂಪ್ಯೂಟರಿನಲ್ಲಿ ಹೀಗಿದೆ ಅಂತ ಹೇಳಿ ಅನ್ನುತ್ತಿದ್ದೆ. ಎಷ್ಟೋ ಜನರನ್ನು ಆ ಹಾಳೆ ದಾಟಿಸಿದೆ.

1990ರ ದಶಕದ ಕೊನೆಗೆ ನಮ್ಮ ಕಡೆಯ ಬೀದಿಗಳು ಖಾಲಿಯಾಗತೊಡಗಿದವು. ನ್ಯಾಷನಲ್ ಕಾಲೇಜು, ವಿಜಯಾ ಕಾಲೇಜು, ಬಿ.ಎಂ.ಎಸ್., ಆರ್.ವಿ. ಓದಿದ ಹುಡುಗರು ಕಂಪ್ಯೂಟರಿನ ವೈ-ಟು-ಕೆ ಕೆಲಸಕ್ಕೆಂದು ಅಮೆರಿಕಕ್ಕೆ ಹೋದರು. ಅವರ ಹಿಂದೆಯೇ ಮದುವೆ, ಮದುವೆಯ ಹಿಂದೆ ಬಾಣಂತನ. ಅಮ್ಮನ ಮನೆಗೆ ಮಗಳು ಬರುವ ರೂಢಿ ಹೋಗಿ ಮಗಳ ಮನೆಗೆ ಅಮ್ಮ ಹೋಗುವ ರೂಢಿ ಬಂತು. ಬಜೆ, ಓಮ, ಮೆಂತ್ಯದ ಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು, ಜೀವನದಲ್ಲಿ ಮೊದಲ ಸಲ ವಿಮಾನ ಹತ್ತುವ ಹೆಂಗಸರು. ಅವರು ನನ್ನ ಮುಂದೆ ಕೂತು ಮೊದಲು ಕೇಳುತ್ತಿದ್ದದ್ದು ದರ ಅಲ್ಲ. "ನೋಡಮ್ಮಾ, ನಡುವೆ ಇಳೀಬೇಕಾ? ಇಳಿದರೆ ಏನು ಮಾಡ್ಬೇಕು? ಜೊತೆಗೆ ಯಾರಾದ್ರೂ ಕಂಪನಿ ಇದ್ದಾರಾ?"

ಕಂಪನಿ ಹುಡುಕಿಕೊಡುವುದು ನಮ್ಮ ಕೆಲಸದ ಒಂದು ದೊಡ್ಡ ಭಾಗವೇ ಆಗಿತ್ತು. ಇಂಥ ತಾರೀಖು, ಇಂಥ ವಿಮಾನ, ಡೆಟ್ರಾಯಿಟಿಗೆ ಹೋಗುವ ಒಬ್ಬರು ಆಂಟಿ ಇದ್ದಾರೆ, ಷಿಕಾಗೋವರೆಗೆ ಒಟ್ಟಿಗೆ ಹೋಗಬಹುದು ಎಂದು ಎರಡು ಮನೆಗಳಿಗೆ ಫೋನು ಮಾಡಿಸಿ, ಹೊರಡುವ ಮುಂಚೆ ಒಮ್ಮೆ ಕಾಫಿಗೆ ಸೇರಿಸಿಬಿಡುತ್ತಿದ್ದೆ. ಜೊತೆ ಸಿಗದವರಿಗೆ ಗಾಲಿಕುರ್ಚಿ ಬರೆಸುತ್ತಿದ್ದೆ. ಕಾಲು ಗಟ್ಟಿಯಿದ್ದರೂ ಸರಿ. ಗಾಲಿಕುರ್ಚಿ ತಳ್ಳುವವನು ಗೇಟಿನಿಂದ ಗೇಟಿಗೆ ಮುಟ್ಟಿಸುತ್ತಾನಲ್ಲ. ಮಕ್ಕಳು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಚೀಟಿಗಳನ್ನು ನಾನು ಕನ್ನಡದಲ್ಲೂ ಬರೆದು, ಯಾವುದನ್ನು ಯಾರಿಗೆ ತೋರಿಸಬೇಕು ಅಂತ ನಂಬರು ಹಾಕಿ ಕೊಡುತ್ತಿದ್ದೆ.

ಲುಫ್ತಾನ್ಸಾ 2001ರಲ್ಲಿ ಬೆಂಗಳೂರಿನಿಂದ ನೇರ ಫ್ರಾಂಕ್‌ಫರ್ಟಿಗೆ ಹಾರಲು ಶುರು ಮಾಡಿದಾಗ ನಮ್ಮ ಜನಕ್ಕಾದ ಸಂತೋಷ ಇವತ್ತಿನವರಿಗೆ ಅರ್ಥವಾಗಲಾರದು. ಬಾಂಬೆಗೋ ಮದ್ರಾಸಿಗೋ ಹೋಗಿ ರಾತ್ರಿಯಿಡೀ ಸೂಟ್‌ಕೇಸ್ ಕಾಯುವುದು ತಪ್ಪಿತು. ಎಚ್.ಎ.ಎಲ್. ನಿಲ್ದಾಣಕ್ಕೆ ಮಧ್ಯರಾತ್ರಿ ಇಡೀ ಮನೆಯೇ ಕಳಿಸಿಕೊಡಲು ಹೋಗುತ್ತಿತ್ತು. ಅಮೆರಿಕದ ವೀಸಾ ಇದ್ದವರಿಗೆ ಫ್ರಾಂಕ್‌ಫರ್ಟಿನಲ್ಲಿ ತೊಂದರೆಯಿರಲಿಲ್ಲ. ಅದಕ್ಕೇ ದಕ್ಷಿಣ ಬೆಂಗಳೂರಿನ ಅಮ್ಮಂದಿರ ಹೆದ್ದಾರಿ ಅದೇ ಆಯಿತು. ತೊಂದರೆ ಇದ್ದದ್ದು ಮಕ್ಕಳಿಗೆ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿದ್ದ ಹುಡುಗರ ಕೆಲಸದ ಅನುಮತಿ ಮುಂದುವರಿದಿರುತ್ತಿತ್ತು, ಅಲ್ಲಿ ಇರುವುದಕ್ಕೆ ಏನೂ ಅಡ್ಡಿಯಿಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ತಾರೀಖು ಮಾತ್ರ ಮುಗಿದಿರುತ್ತಿತ್ತು. ಊರಿಗೆ ಬಂದು ಮತ್ತೆ ಸ್ಟ್ಯಾಂಪ್ ಮಾಡಿಸಿಕೊಳ್ಳಬೇಕು. ಹಾಗೆ ಬರುವಾಗ ಅವರ ಕೈಯಲ್ಲಿ ಅಮೆರಿಕದ ಚಾಲ್ತಿ ವೀಸಾ ಇರುವುದಿಲ್ಲವಲ್ಲ, ಫ್ರಾಂಕ್‌ಫರ್ಟಿನ ವಿನಾಯಿತಿಯೂ ಇಲ್ಲ.

ಒಂದು ಪ್ರಸಂಗ ಹೇಳಲೇಬೇಕು. ಜೆ.ಪಿ. ನಗರ 2ನೇ ಫೇಸಿನ ಒಬ್ಬ ಹಿರಿಯರು ಆಸ್ಪತ್ರೆ ಸೇರಿದರು, ಐ.ಸಿ.ಯು. ಮಗ ಕ್ಯಾಲಿಫೋರ್ನಿಯಾದಲ್ಲಿ. ರಾತ್ರಿ ಹನ್ನೊಂದಕ್ಕೆ ಅವರ ಸೊಸೆ ನನ್ನ ಮನೆಗೆ ಫೋನು ಮಾಡಿದಳು. ಫ್ರಾಂಕ್‌ಫರ್ಟ್ ಮೇಲೆ ಮರುದಿನವೇ ಸೀಟಿತ್ತು, ನಾನೇ ಹಿಡಿದಿಟ್ಟೆ. ಪಾಸ್‌ಪೋರ್ಟಿನ ವೀಸಾ ತಾರೀಖು ಓದಿ ಅಂದೆ. ಮುಗಿದು ಎಂಟು ತಿಂಗಳು. ಜರ್ಮನಿಯ ಟ್ರಾನ್ಸಿಟ್ ವೀಸಾ ಮಾಡಿಸಲು ಕಾನ್ಸುಲೇಟಿಗೆ ಹೋಗಬೇಕು, ಅದು ವಾರಾಂತ್ಯ. ಕೊನೆಗೆ ಅವನನ್ನು ಪೆಸಿಫಿಕ್ ಸಾಗರದ ಮೇಲೆ, ಹಾಂಗ್‌ಕಾಂಗ್, ಸಿಂಗಪುರದ ದಾರಿಯಲ್ಲಿ ತರಿಸಿದೆ. ಸಿಂಗಪುರದಲ್ಲಿ ನಿಲ್ದಾಣದೊಳಗೆ ಕೂರಲು ನಮಗೆ ವೀಸಾ ಬೇಡ. ದಾರಿ ಉದ್ದವಾಯಿತು, ಒಂದು ದಿನ ತಡವಾಯಿತು. ಅಪ್ಪನಿಗೆ ಪ್ರಜ್ಞೆಯಿರುವಾಗ ಅವನು ಬರಲಾಗಲಿಲ್ಲ. ಫ್ರಾಂಕ್‌ಫರ್ಟಿನ ಬೆಂಚಿನ ಮೇಲೆ ಅವನು ಮೂರು ಗಂಟೆ ಕೂತಿದ್ದರೆ ಜರ್ಮನಿಗೆ ಏನು ನಷ್ಟವಾಗುತ್ತಿತ್ತು ಎಂದು ನಾನು ಇವತ್ತಿಗೂ ಕೇಳುತ್ತೇನೆ.

ಜರ್ಮನ್ ಕಾನ್ಸುಲೇಟ್ ಬೆಂಗಳೂರಿಗೆ ಬಂದದ್ದು 2008ರಲ್ಲಿ. ಅಲ್ಲಿಯವರೆಗೆ ಎಲ್ಲದಕ್ಕೂ ಚೆನ್ನೈ. ಅಮೆರಿಕದ ವೀಸಾಕ್ಕೂ ಚೆನ್ನೈ, ಜೆಮಿನಿ ಫ್ಲೈಓವರ್ ಪಕ್ಕದ ಕಾನ್ಸುಲೇಟಿನ ಮುಂದೆ ಬೆಳಗಿನ ಜಾವ ಸಾಲು. ರಾತ್ರಿ ರೈಲಿನಲ್ಲಿ ಹೋಗಿ, ಅಲ್ಲೇ ಎಲ್ಲೋ ಮುಖ ತೊಳೆದು, ರೇಷ್ಮೆ ಸೀರೆ ಉಟ್ಟು ಸಂದರ್ಶನಕ್ಕೆ ನಿಲ್ಲುತ್ತಿದ್ದ ಹೆಂಗಸರನ್ನು ನಾನು ಎಷ್ಟು ಕಳಿಸಿದ್ದೇನೋ. ಬೆಂಗಳೂರಿನಲ್ಲೂ ಅಮೆರಿಕದ ಕಾನ್ಸುಲೇಟ್ ಎಂದು ಉದ್ಘಾಟನೆ ಆದದ್ದು 2025ರ ಜನವರಿಯಲ್ಲಿ.

2008ರ ಮೇ ತಿಂಗಳ ಕೊನೆಯ ವಾರ ನಮ್ಮ ಕೆಲಸದ ಎರಡು ಹಳೆಯ ಸಂಗತಿಗಳು ಒಟ್ಟಿಗೆ ಮುಗಿದವು. 24ಕ್ಕೆ ದೇವನಹಳ್ಳಿಯ ನಿಲ್ದಾಣ ತೆರೆದು ಎಚ್.ಎ.ಎಲ್. ಮುಚ್ಚಿತು, ಜೂನ್ 1ರಿಂದ ಕಾಗದದ ಟಿಕೆಟ್ ನಿಂತಿತು. ಬನಶಂಕರಿಯಿಂದ ನಿಲ್ದಾಣ ಊರಿನ ಇನ್ನೊಂದು ತುದಿಗೆ ಹೋಯಿತು.

2010ರ ಏಪ್ರಿಲ್ 5ರಿಂದ ಯುರೋಪಿನ ಹೊಸ ವೀಸಾ ಸಂಹಿತೆ ಜಾರಿಗೆ ಬಂತು. ನಮಗೆ ಸ್ವಲ್ಪ ಒಳ್ಳೆಯದೇ ಆಯಿತು. ಅಮೆರಿಕ, ಕೆನಡಾ, ಜಪಾನಿನ ವೀಸಾ ಉಪಯೋಗಿಸಿ ವಾಪಸ್ ಬರುವವರಿಗೂ ವಿನಾಯಿತಿ ಎಂದು ಅದು ಸ್ಪಷ್ಟವಾಗಿ ಬರೆಯಿತು. ಅದಾಗಿ ಹತ್ತೇ ದಿನಕ್ಕೆ ಐಸ್‌ಲ್ಯಾಂಡಿನಲ್ಲಿ ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ಆಕಾಶವೇ ಮುಚ್ಚಿತು. ಬನಶಂಕರಿ 2ನೇ ಸ್ಟೇಜಿನ ಗಂಡ-ಹೆಂಡತಿ, ಬಾಸ್ಟನ್ನಿನಲ್ಲಿ ಮಗಳ ಬಾಣಂತನ ಮುಗಿಸಿ ಬರುತ್ತಿದ್ದವರು, ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಕೊಂಡರು. ಯುರೋಪಿನ ವೀಸಾ ಇದ್ದವರನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಇಲ್ಲದವರು ಒಳಗೇ. ಸಾಲಾಗಿ ಮಡಿಚು ಮಂಚ ಹಾಕಿದರು, ಕಂಬಳಿ ಕೊಟ್ಟರು. ಮಗಳು ನನಗೆ ಫೋನು ಮಾಡಿ, "ಮೇಡಂ, ಅಪ್ಪಂಗೆ ಶುಗರ್, ಮಾತ್ರೆ ಎಲ್ಲ ದೊಡ್ಡ ಸೂಟ್‌ಕೇಸಲ್ಲಿದೆ, ಅದು ಕೈಗೆ ಸಿಗ್ತಿಲ್ಲ" ಎಂದು ಅತ್ತಳು. ಗಾಜಿನ ಆ ಕಡೆ ಔಷಧಿ ಅಂಗಡಿ ಕಾಣುತ್ತಿತ್ತಂತೆ, ಹೋಗುವ ಹಾಗಿಲ್ಲ. ಅಲ್ಲೇ ಪಕ್ಕದ ಮಂಚದಲ್ಲಿ ಬಿ.ಟಿ.ಎಂ. ಲೇಔಟಿನ ಒಬ್ಬ ಹುಡುಗ ಸಿಕ್ಕಿದ. ಅವನು ನಿಲ್ದಾಣದ ವೈದ್ಯರನ್ನು ಕರೆತಂದು ಮಾತ್ರೆ ಕೊಡಿಸಿದ, ಹಣ್ಣು ಬ್ರೆಡ್ಡು ತಂದುಕೊಟ್ಟ. ಆಂಟಿ ಕೈಚೀಲದಲ್ಲಿದ್ದ ಅವಲಕ್ಕಿಗೆ ಬಿಸಿನೀರು ಹಾಕಿ ಅವನಿಗೂ ಕೊಟ್ಟರು. ಆಕಾಶ ತೆರೆಯುವವರೆಗೆ ಮೂವರೂ ಒಟ್ಟಿಗೆ ಇದ್ದರು. ಅವತ್ತಿನಿಂದ ನಾನು ಪ್ರತಿ ಟಿಕೆಟ್ಟಿನ ಕವರಿನ ಮೇಲೂ ಕೆಂಪು ಶಾಯಿಯಲ್ಲಿ ಬರೆಯತೊಡಗಿದೆ: ಮಾತ್ರೆ, ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ.

ಇಷ್ಟು ಹೊತ್ತಿಗೆ ದಾರಿಗಳು ಬೇರೆಯಾಗತೊಡಗಿದ್ದವು. ಎಮಿರೇಟ್ಸ್ 2006ರಲ್ಲಿ ಬೆಂಗಳೂರಿಗೆ ಬಂದಿತ್ತು. ದುಬೈಯಲ್ಲಿ ವಿಮಾನ ಬದಲಿಸಲು ಯಾವ ವೀಸಾವೂ ಬೇಡ, ಯಾರ ಪಾಸ್‌ಪೋರ್ಟಿನಲ್ಲಿ ಏನು ಮುಗಿದಿದೆ ಎಂದು ಯಾರೂ ನೋಡುವುದಿಲ್ಲ. ಫ್ರಾಂಕ್‌ಫರ್ಟಿನ ಜನ ನಿಧಾನವಾಗಿ ಕೊಲ್ಲಿಯ ಕಡೆ ತಿರುಗಿದರು. ವಿಮಾನದ ಊಟ, ಸೀಟು, ದರ ಎಲ್ಲವೂ ಕಾರಣವೇ. ಆದರೆ ಕೌಂಟರಿನಲ್ಲಿ ತಡೆಯುವವರಿಲ್ಲ ಎಂಬುದು ನನ್ನ ಮುಂದೆ ಕೂತವರಿಗೆ ದೊಡ್ಡ ಕಾರಣ. 2017ರಲ್ಲಿ ಅಮೆರಿಕದ ವೀಸಾ ಇರುವ ಭಾರತೀಯರಿಗೆ ಯು.ಎ.ಇ. ಬಂದಿಳಿದ ಮೇಲೆ ವೀಸಾ ಕೊಡತೊಡಗಿತು, ಸಿಂಗಪುರ ಇಂಥವರಿಗೆ 96 ಗಂಟೆ ಊರು ನೋಡಲು ಬಿಡುತ್ತದೆ. ಹಳೆಯ ಕಾಲದ ಲಂಡನ್ ಹೋಟೆಲಿನ ಸಂತೋಷ ಹೀಗೆ ದಿಕ್ಕು ಬದಲಿಸಿ ಮತ್ತೆ ಬಂತು. ಅಮೆರಿಕವೇ ಮಾತ್ರ ಇನ್ನೊಂದು ತುದಿಗೆ ಹೋಗಿತ್ತು. 2003ರ ಆಗಸ್ಟ್ 2ರಿಂದ ವೀಸಾ ಇಲ್ಲದೆ ಹಾದುಹೋಗುವ ಸೌಲಭ್ಯವನ್ನು ಅದು ನಿಲ್ಲಿಸಿಬಿಟ್ಟಿತು. ಕೆನಡಾದಲ್ಲಿರುವ ಮಗನ ಮನೆಗೆ ನ್ಯೂಯಾರ್ಕ್ ಮೇಲೆ ಹೋಗುವ ಅಮ್ಮನಿಗೂ ಅಮೆರಿಕದ ವೀಸಾ ಬೇಕು.

2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ಇಳಿಯದೆ ಬೆಂಗಳೂರು ಮುಟ್ಟಿತು. ಸುಮಾರು 14,000 ಕಿಲೋಮೀಟರ್, ಉತ್ತರ ಧ್ರುವದ ಕಡೆಯಿಂದ, ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಆಗ ನಾನು ಕೆಲಸ ಬಿಟ್ಟಿದ್ದೆ. ಮನೆಯಲ್ಲಿ ಟಿ.ವಿ. ಮುಂದೆ ಕೂತು ಅದನ್ನು ನೋಡುವಾಗ, ನಡುವೆ ಇಳಿಯುವ ಊರೇ ಇಲ್ಲದ ಟಿಕೆಟ್ಟು ಬರೆಯುವ ಭಾಗ್ಯ ನನಗಿಲ್ಲವಾಯಿತಲ್ಲ ಅನ್ನಿಸಿತು.

ಹೊಸ ಗಂಟು ಬಿದ್ದದ್ದು ಅದೇ ತಿಂಗಳು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ, 2021ರಿಂದ ಬ್ರಿಟನ್ನಿನ ವೀಸಾ ತೋರಿಸಿದರೆ ಜರ್ಮನಿಯಲ್ಲಿ ಸಿಗುತ್ತಿದ್ದ ವಿನಾಯಿತಿ ಹೋಯಿತು. ಬ್ರಿಟನ್ನಿಗೆ ಓದಲು ಹೋಗುವ ನಮ್ಮ ಮಕ್ಕಳ ಸಂಖ್ಯೆ ಏರುತ್ತಿದ್ದ ಹೊತ್ತು. ಮ್ಯಾಂಚೆಸ್ಟರಿಗೋ ಎಡಿನ್‌ಬರಕ್ಕೋ ಸೀಟು ಸಿಕ್ಕ ಮಗು, ಬ್ರಿಟನ್ನಿನ ವೀಸಾ ಕೈಯಲ್ಲಿದೆ, ಶುಲ್ಕ ಕಟ್ಟಿದೆ. ಮೊಬೈಲಿನಲ್ಲಿ ತಾನೇ ಟಿಕೆಟ್ ಕೊಂಡಿದೆ, ಫ್ರಾಂಕ್‌ಫರ್ಟ್ ಮೇಲೆ. ದೇವನಹಳ್ಳಿಯ ಕೌಂಟರಿನಲ್ಲಿ ನಿಂತಾಗ ಗೊತ್ತಾಗುತ್ತದೆ, ಹೋಗುವ ಹಾಗಿಲ್ಲ ಎಂದು. ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ಹೀಗಾಯಿತು. ಕಳಿಸಲು ಹೋದವರೆಲ್ಲ ಬೆಳಗಿನ ಜಾವ ಅದೇ ಟ್ಯಾಕ್ಸಿಯಲ್ಲಿ, ಅದೇ ಎರಡು ಸೂಟ್‌ಕೇಸಿನ ಜೊತೆ ವಾಪಸ್ ಬಂದರು. ಟಿಕೆಟ್ ಮಾರುವ ಆಪ್ ದರ ಹೇಳುತ್ತದೆ, ಊಟ ಬೇಕಾ ಕೇಳುತ್ತದೆ. ನಡುವಿನ ಊರಿನ ಕಾನೂನು ಹೇಳಲು ಅದರಲ್ಲಿ ಮನುಷ್ಯರಿಲ್ಲ. ನಮ್ಮಂಥ ಅಂಗಡಿಗಳು ಮುಚ್ಚಿಹೋದ ಮೇಲೆ ಜನ ಕಳೆದುಕೊಂಡದ್ದು ಇದನ್ನು.

ಹೀಗಾಗಿ ಜರ್ಮನಿಯ ಘೋಷಣೆ ನನಗೆ ದೊಡ್ಡದು. ಅದು ನೇರ ಬಿಡುವುದು ಈ ಎಡಿನ್‌ಬರದ ಮಕ್ಕಳನ್ನು, ಮುಗಿದ ವೀಸಾ ಹಿಡಿದು ಊರಿಗೆ ಓಡಿಬರುವ ಮಗನನ್ನು, ಬ್ರೆಜಿಲಿಗೋ ಮೆಕ್ಸಿಕೋಗೋ ಕೆಲಸದ ಮೇಲೆ ಹೋಗುವ ಬಿ.ಟಿ.ಎಂ. ಲೇಔಟಿನ ಎಂಜಿನಿಯರನ್ನು. ಆದರೆ ಎಲ್ಲ ಗೋಡೆಯೂ ಬಿದ್ದಿಲ್ಲ. ಬ್ರಿಟನ್ನಿನ ಪಟ್ಟಿ ಹಾಗೇ ಇದೆ. ಯುರೋಪಿನಲ್ಲಿ ಎರಡು ಕಡೆ ಇಳಿಯುವ ಅಗ್ಗದ ಟಿಕೆಟ್, ಫ್ರಾಂಕ್‌ಫರ್ಟಿನಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮಿನಲ್ಲಿ ಮತ್ತೆ ವಿಮಾನ ಬದಲಿಸುವಂಥದ್ದು, ಅದಕ್ಕೆ ಪೂರ್ತಿ ಷೆಂಗೆನ್ ವೀಸಾವೇ ಬೇಕು. ಒಂದು ದೇಶದಿಂದ ಇನ್ನೊಂದಕ್ಕೆ ಹಾರಿದಾಗ ನೀವು ಯುರೋಪಿನೊಳಗೆ ಕಾಲಿಟ್ಟಂತೆಯೇ. ಎರಡು ಬೇರೆ ಬೇರೆ ಟಿಕೆಟ್ ಕೊಂಡು, ನಡುವೆ ಸಾಮಾನು ಹೊರಗೆ ತೆಗೆದು ಮತ್ತೆ ಚೆಕ್-ಇನ್ ಮಾಡುವುದಾದರೂ ಅಷ್ಟೆ.

ಜೆ.ಪಿ. ನಗರ 7ನೇ ಫೇಸಿನ ಒಬ್ಬ ತಂದೆ ಮೊನ್ನೆ ಮನೆಗೆ ಬಂದಿದ್ದರು. ಮಗಳ ಘಟಿಕೋತ್ಸವಕ್ಕೆ ಎಡಿನ್‌ಬರಕ್ಕೆ ಹೋಗಬೇಕು, ಗಂಡ-ಹೆಂಡತಿ ಇಬ್ಬರೂ. ಫ್ರಾಂಕ್‌ಫರ್ಟ್ ಮೇಲಿನ ಸೀಟು ಚೆನ್ನಾಗಿದೆ, ಈಗ ತೊಂದರೆಯಿಲ್ಲ ಅಲ್ವಾ ಮೇಡಂ ಎಂದು ಕೇಳಿದರು. ಒಂದೇ ಟಿಕೆಟ್ಟಿನಲ್ಲಿ ಎಡಿನ್‌ಬರದವರೆಗೆ ಮಾಡಿಸಿ, ನಡುವೆ ಇಳಿಯುವುದು ಒಂದೇ ಕಡೆ ಇರಲಿ, ರಾತ್ರಿ ಉಳಿಯಬೇಕಾದ ಜೋಡಣೆ ಬೇಡ ಅಂದೆ. ಘೋಷಣೆ ಬೇರೆ, ಕೌಂಟರಿನ ಕಂಪ್ಯೂಟರಿನಲ್ಲಿ ಆ ದಿನ ಇರುವ ಸಾಲು ಬೇರೆ; ಅವರು ನೋಡುವುದು ಅದನ್ನು ಮಾತ್ರ. ದುಡ್ಡು ಕಟ್ಟುವ ಮೊದಲು ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಟೈಮ್ಯಾಟಿಕ್ ನೋಡಿ, ಪ್ರಿಂಟ್ ತೆಗೆದು ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.